ಬಿಸಿಲು ನಾಡಿನ ಗುಡ್ಡಗಳಲ್ಲಿ ಕ್ಯಾರವಾನ್ ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಎಲ್ಲವನ್ನೂ ಹೊತ್ತ ಗಾಡಿಯಲ್ಲಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳನ್ನು ಸುತ್ತಬೇಕೆಂದಿರುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೊಡಗು, ಚಿಕ್ಕಮಗಳೂರುಗಳ ತಂಪಿನಲ್ಲಿ ಕಲಿತ ರೂಢಿಗಳು ಈ ಸೀಮೆಯಲ್ಲಿ ಅಷ್ಟಾಗಿ ಕೈಹಿಡಿಯುವುದಿಲ್ಲ. ಇಲ್ಲಿ ಗಾಡಿ ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು, ಏನು ಅಡುಗೆ ಮಾಡಬೇಕು ಎಂಬುದನ್ನೆಲ್ಲ ಬಿಸಿಲೇ ತೀರ್ಮಾನಿಸುತ್ತದೆ.

ಈ ಭಾಗವೆಂದರೆ ಬಯಲುಸೀಮೆ ಅಲ್ಲವೇ? ಗುಡ್ಡಗಳು ಎಲ್ಲಿವೆ?

ಮಲೆನಾಡಿನ ಘಟ್ಟಗಳಂಥವು ಇಲ್ಲಿಲ್ಲ, ಆದರೆ ಮೂರು ಬಗೆಯ ಎತ್ತರದ ನೆಲವಿದೆ. ಬೀದರ್ ಪಟ್ಟಣ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ, ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ ಕುಳಿತಿದೆ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ತಾಗಿದಂತೆ, ಕುರುಚಲು ಕಾಡು ಹೊದ್ದ ಗುಡ್ಡಗಳ ಸಾಲಿದೆ. ಚಂದ್ರಂಪಳ್ಳಿ ಜಲಾಶಯ ಮತ್ತು ಗೊಟ್ಟಂಗೊಟ್ಟ ಇರುವುದು ಅಲ್ಲಿಯೇ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಮತ್ತು ಯಾದಗಿರಿ ಕೋಟೆಯ ಸುತ್ತ ದೊಡ್ಡ ದೊಡ್ಡ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂಥ ಬೋಳು ಗುಡ್ಡಗಳಿವೆ. ಶಹಾಪುರದ ಬಳಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡಗಳ ಸಾಲನ್ನು ನೋಡಲೆಂದೇ ಜನ ಗಾಡಿ ನಿಲ್ಲಿಸುತ್ತಾರೆ.

ಈ ಮೂರು ನೆಲಗಳ ವ್ಯತ್ಯಾಸ ತಿಳಿದಿರುವುದು ಬಹಳ ಮುಖ್ಯ, ಏಕೆಂದರೆ ಹಗಲೆಲ್ಲ ಕಾದ ನೆಲ ರಾತ್ರಿ ಹೇಗೆ ತಣಿಯುತ್ತದೆ ಎಂಬುದು ನಿಮ್ಮ ನಿದ್ರೆಯನ್ನು ನಿರ್ಧರಿಸುತ್ತದೆ. ಬೀದರಿನ ಪ್ರಸ್ಥಭೂಮಿಯ ಮೇಲೆ ಸಂಜೆಯಾದ ಮೇಲೆ ಗಾಳಿ ಆಡುತ್ತದೆ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಲು ಅಲ್ಲಿಯ ಹವೆಯೂ ಒಂದು ಕಾರಣವೆಂದು ಹೇಳುವುದುಂಟು, ಮೇ ತಿಂಗಳಲ್ಲಿ ಎರಡೂ ಊರುಗಳಲ್ಲಿ ಮಲಗಿ ನೋಡಿದವರಿಗೆ ಆ ಮಾತು ಸುಲಭವಾಗಿ ಅರ್ಥವಾಗುತ್ತದೆ. ಸುರಪುರದ ಬಂಡೆಗಳಾದರೋ ಹಗಲಿನ ಬಿಸಿಯನ್ನು ಹೀರಿಕೊಂಡು ನಡುರಾತ್ರಿಯವರೆಗೂ ಹೊರಗೆ ಬಿಡುತ್ತಿರುತ್ತವೆ. ರಾತ್ರಿ ಹತ್ತು ಗಂಟೆಗೆ ಬಂಡೆಯ ಮೇಲೆ ಅಂಗೈ ಇಟ್ಟರೆ ಆಗತಾನೇ ಒಲೆಯಿಂದ ಇಳಿಸಿದ ಹಂಚಿನ ನೆನಪಾಗುತ್ತದೆ.

ಯಾವ ತಿಂಗಳು ಬರುವುದು ಒಳ್ಳೆಯದು?

ನವೆಂಬರಿನಿಂದ ಫೆಬ್ರುವರಿ ಮಧ್ಯದವರೆಗೆ. ಆ ತಿಂಗಳುಗಳಲ್ಲಿ ಬೀದರಿನಲ್ಲಿ ಕಂಬಳಿ ಬೇಕಾಗುವಷ್ಟು ಚಳಿ ಇರುತ್ತದೆ, ಹೊಲಗಳಲ್ಲಿ ಜೋಳ, ಕಡಲೆ, ತೊಗರಿ ನಿಂತಿರುತ್ತವೆ. ಚಿಂಚೋಳಿ ತಾಲ್ಲೂಕಿನ ಎತ್ತಿಪೋತ ಜಲಪಾತ ನೋಡಬೇಕೆನ್ನುವವರು ಮಾತ್ರ ಮಳೆಗಾಲದಲ್ಲಿ, ಅಂದರೆ ಜುಲೈಯಿಂದ ಸೆಪ್ಟೆಂಬರಿನ ಒಳಗೆ ಬರಬೇಕು.

ಶಾಲೆಗೆ ರಜೆ ಇರುವುದೇ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಆಗ ಬರಲೇಬೇಕಾದರೆ?

ಬರಬಹುದು, ಆದರೆ ದಿನಚರಿಯನ್ನು ಊರಿನವರ ದಿನಚರಿಗೆ ಹೊಂದಿಸಿಕೊಳ್ಳಬೇಕು. ಇಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ, 43–44 ಆಗುವ ದಿನಗಳೂ ಇರುತ್ತವೆ. ಈ ಕಾರಣಕ್ಕಾಗಿಯೇ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸುವ ರೂಢಿ ಬಂದಿದೆ. ನೀವು ಇನ್ನೂ ಮುಂಚೆ ಎದ್ದು, ಐದು ಗಂಟೆಗೆ ಹೊರಟು, ಹತ್ತರೊಳಗೆ ನೆರಳು ಸೇರಿ, ಸಂಜೆ ಐದರವರೆಗೆ ಅಲುಗಾಡದೆ ಇರುವುದು ಸರಿಯಾದ ಕ್ರಮ.

ನಾನು ಎಲ್ಲರಿಗೂ ಒತ್ತಿ ಹೇಳುವ ಮಾತೊಂದಿದೆ: ಮಧ್ಯಾಹ್ನದ ಜಾಗ ಬೇರೆ, ರಾತ್ರಿಯ ಜಾಗ ಬೇರೆ. ಹೊಸಬರು ಒಂದೇ ಕಡೆ ಗಾಡಿ ನಿಲ್ಲಿಸಿ ಒಂದು ದಿನ ಪೂರ್ತಿ ಕಳೆಯಬೇಕೆಂದು ಬಯಸುತ್ತಾರೆ. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಬೇಕಾದದ್ದು ಬೇವು, ಹುಣಸೆ ಅಥವಾ ಆಲದ ದಟ್ಟ ನೆರಳು, ಹತ್ತಿರದಲ್ಲಿ ನೀರು ಮತ್ತು ಜನವಸತಿ. ರಾತ್ರಿಗೆ ಬೇಕಾದದ್ದು ಮರವಿಲ್ಲದ, ಬಂಡೆಯಿಲ್ಲದ, ಗಾಳಿಗೆ ಮುಖ ಕೊಟ್ಟ ಎತ್ತರದ ಮಡ್ಡಿ ನೆಲ. ಇದು ಕೇವಲ ಸೆಕೆಯ ಮಾತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಬಿರುಗಾಳಿ, ಗುಡುಗು, ಸಿಡಿಲಿನ ಮಳೆ ಬರುತ್ತದೆ, ಮಧ್ಯಾಹ್ನ ನಿಮ್ಮನ್ನು ಕಾಪಾಡಿದ ಮರವೇ ಆಗ ಅಪಾಯದ ಜಾಗವಾಗುತ್ತದೆ. ಒಂಟಿ ಮರದ ಕೆಳಗೆ ನಿಂತವರು ಸಿಡಿಲಿಗೆ ಬಲಿಯಾದ ಸುದ್ದಿ ಈ ಭಾಗದಲ್ಲಿ ಪ್ರತಿ ವರ್ಷ ಬರುತ್ತದೆ. ಗುಡುಗು ಕೇಳಿಸಿದ ಕೂಡಲೇ ಮರದಿಂದ ದೂರ ಸರಿದು, ಗುಡ್ಡದ ನೆತ್ತಿಯಲ್ಲಿದ್ದರೆ ಕೆಳಗಿಳಿದು, ಗಾಡಿಯ ಒಳಗೆ ಕಿಟಕಿ ಮುಚ್ಚಿ ಕುಳಿತುಕೊಳ್ಳಿರಿ. ಲೋಹದ ಮೈಯುಳ್ಳ ಗಾಡಿ ಸಿಡಿಲಿನಿಂದ ಬಹುಮಟ್ಟಿಗೆ ರಕ್ಷಣೆ ಕೊಡುತ್ತದೆ, ಫೈಬರ್ ಮೈಯ ಗಾಡಿಗೆ ಆ ಗುಣವಿಲ್ಲ.

ರಾತ್ರಿ ತಂಗಲು ಕ್ಯಾರವಾನ್‌ಗಳಿಗೆಂದೇ ಮಾಡಿದ ಜಾಗಗಳು ಸಿಗುತ್ತವೆಯೇ?

ವಿದ್ಯುತ್ ಪ್ಲಗ್, ನೀರಿನ ನಲ್ಲಿ, ಕೊಳಚೆ ಹರಿಬಿಡುವ ವ್ಯವಸ್ಥೆ ಎಲ್ಲ ಇರುವ ಜಾಗ ಸಿಗುತ್ತದೆಂದು ನಂಬಿಕೊಂಡು ಹೊರಡಬೇಡಿರಿ. ಹೆದ್ದಾರಿ ಬದಿಯ ದೊಡ್ಡ ಪೆಟ್ರೋಲ್ ಬಂಕ್, ಅಂಗಳವಿರುವ ಹೋಟೆಲ್ ಅಥವಾ ಲಾಡ್ಜ್, ಮಠ ಮತ್ತು ದೇವಸ್ಥಾನಗಳ ಆವರಣ, ರೈತರ ಹೊಲದ ಬದು, ಇವೇ ನಮ್ಮ ತಂಗುದಾಣಗಳು. ಎಲ್ಲ ಕಡೆಯೂ ಮೊದಲು ಕೇಳಬೇಕು, ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಹೊಲವಾದರೆ ಕತ್ತಲಾಗುವ ಮೊದಲೇ ಹೊಲದ ಯಜಮಾನರನ್ನು ಕಂಡು, ಎಷ್ಟು ಜನರಿದ್ದೇವೆ, ಎಷ್ಟು ಹೊತ್ತಿಗೆ ಹೊರಡುತ್ತೇವೆ, ಬೆಂಕಿ ಹಚ್ಚುವುದಿಲ್ಲ ಎಂಬುದನ್ನು ತಿಳಿಸಿರಿ. ಊರಿನ ಪಂಚಾಯಿತಿ ಸದಸ್ಯರಿಗೋ ತಾಂಡಾದ ನಾಯಕರಿಗೋ ಒಂದು ಮಾತು ಹೇಳಿದ್ದರೆ ರಾತ್ರಿ ಯಾರಾದರೂ ಟಾರ್ಚ್ ಹಿಡಿದು ಬಂದಾಗ ಗಾಬರಿಯಾಗಬೇಕಿಲ್ಲ.

ಬೀದರ್ ಮತ್ತು ಕಲಬುರಗಿಯ ಕೋಟೆಗಳು ರಕ್ಷಿತ ಸ್ಮಾರಕಗಳಾಗಿರುವುದರಿಂದ ಅವುಗಳ ಆವರಣದಲ್ಲಿ ರಾತ್ರಿ ತಂಗುವಂತಿಲ್ಲ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಆದ್ದರಿಂದ ಡ್ರೋನ್ ಹಾರಿಸುವ ಯೋಚನೆಯನ್ನು ಅಲ್ಲಿ ಬಿಟ್ಟುಬಿಡಿರಿ.

ಗಾಡಿ ನಿಲ್ಲಿಸುವ ನೆಲವನ್ನು ಹೇಗೆ ಪರೀಕ್ಷಿಸಬೇಕು?

ಮಣ್ಣಿನ ಬಣ್ಣ ನೋಡಿರಿ. ಕೆಂಪು ಮಸಾರಿ ಅಥವಾ ಗರಸಿನ ಮಡ್ಡಿಯಾದರೆ ಸಣ್ಣ ಮಳೆಗೆ ಹೆದರಬೇಕಿಲ್ಲ. ಕಪ್ಪು ಎರೆ ಮಣ್ಣಾದರೆ, ಅದು ಎಷ್ಟೇ ಗಟ್ಟಿಯಾಗಿ, ಬಿರುಕು ಬಿಟ್ಟು ಒಣಗಿದ್ದರೂ, ಮೋಡವಿರುವ ದಿನ ಅದರ ಮೇಲೆ ಗಾಡಿ ಇಳಿಸಬೇಡಿರಿ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಉಬ್ಬಿದ ಮೇಲೆ ಸಾಬೂನಿನಂತೆ ಜಾರುತ್ತದೆ ಮತ್ತು ಗೋಂದಿನಂತೆ ಅಂಟುತ್ತದೆ.

ಈ ಪಾಠವನ್ನು ನಾನು ಕಲಿತದ್ದು ಒಂದು ಜೂನ್ ತಿಂಗಳ ರಾತ್ರಿ, ಸೇಡಂ ಕಡೆಯ ಒಂದು ಹೊಲದ ಅಂಚಿನಲ್ಲಿ. ಸಂಜೆ ನಿಲ್ಲಿಸಿದಾಗ ನೆಲ ಫರಸಿ ಹಾಸಿದಂತೆ ಗಟ್ಟಿಯಾಗಿತ್ತು. ರಾತ್ರಿ ಬಂದ ಮಳೆ ಮುಕ್ಕಾಲು ತಾಸಿನಲ್ಲಿ ನಿಂತಿತು. ಬೆಳಿಗ್ಗೆ ಗಾಡಿ ಹೊರಡಿಸಿದರೆ ಹಿಂದಿನ ಎರಡೂ ಚಕ್ರಗಳು ತಿರುಗಿದಲ್ಲೇ ತಿರುಗಿ, ಮಡ್‌ಗಾರ್ಡಿನೊಳಗೆಲ್ಲ ಮಣ್ಣು ಮೆತ್ತಿ, ಗಾಡಿ ಆಕ್ಸಲ್‌ವರೆಗೆ ಕುಸಿಯಿತು. ಹೊಲದ ಹಿರಿಯರು ಬಂದು ಒಂದು ಕ್ಷಣ ನೋಡಿ, "ಎರಿ ಹೊಲದಾಗ ಮಳಿ ಬಿದ್ದ ಮ್ಯಾಲ ಎತ್ತಿನ ಬಂಡೀನೂ ಇಳಸಂಗಿಲ್ಲ ತಮ್ಮಾ, ನೀವು ಮನೀನೇ ತಂದು ಇಳಿಸೀರಲ್ಲ" ಎಂದರು. ಆಮೇಲೆ ಅವರೇ ಬಣವೆಯಿಂದ ತೊಗರಿ ಕಟ್ಟಿಗೆಯ ಎರಡು ಹೊರೆ ತಂದು, ಚಕ್ರದ ಮುಂದಿನ ಮಣ್ಣನ್ನು ಸಲಿಕೆಯಿಂದ ಇಳಿಜಾರಾಗಿ ಬಳಿದು ತೆಗೆದು, ಕಟ್ಟಿಗೆಯನ್ನು ಅಡ್ಡಡ್ಡಲಾಗಿ ಒತ್ತೊತ್ತಾಗಿ ಹಾಸಿ, ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿಸಿದರು. ಅಂದಿನಿಂದ ನನ್ನ ಗಾಡಿಯಲ್ಲಿ ಒಂದು ಸಲಿಕೆ, ಹತ್ತು ಮೀಟರಿನ ದಪ್ಪ ಹಗ್ಗ ಮತ್ತು ನಾಲ್ಕು ಹಲಗೆ ತುಂಡುಗಳು ಯಾವಾಗಲೂ ಇರುತ್ತವೆ. ಚಕ್ರ ಹೂತಾಗ ಎಕ್ಸಲರೇಟರ್ ಒತ್ತುತ್ತಾ ಹೋದಷ್ಟೂ ಗುಂಡಿ ಆಳವಾಗುತ್ತದೆ, ಮೊದಲ ಸಲ ಜಾರಿದಾಗಲೇ ನಿಲ್ಲಿಸಿ ಕೆಳಗಿಳಿಯುವುದು ಜಾಣತನ.

ಹಳ್ಳದ ಪಾತ್ರದಲ್ಲಿ ಮರಳು ಚೆನ್ನಾಗಿದೆಯೆಂದು ಯಾವ ತಿಂಗಳಲ್ಲೂ ಗಾಡಿ ನಿಲ್ಲಿಸಬೇಡಿರಿ. ಮೇಲೆ ಗುಡ್ಡದಲ್ಲಿ ಬಿದ್ದ ಮಳೆ ನಿಮಗೆ ಒಂದು ಹನಿಯೂ ಕಾಣದೆ ಪ್ರವಾಹವಾಗಿ ಬರುತ್ತದೆ.

ಗಾಡಿಯ ಏಸಿ ಬ್ಯಾಟರಿಯ ಮೇಲೆ ರಾತ್ರಿಯಿಡೀ ನಡೆಯುತ್ತದೆಯೇ?

ಲೆಕ್ಕ ಹಾಕಿ ನೋಡೋಣ. ಒಂದು ಟನ್ ಏಸಿ ಸುಮಾರು 1,000 ವ್ಯಾಟ್ ಎಳೆಯುತ್ತದೆ. 12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು ಎರಡೂವರೆ ಯೂನಿಟ್ ವಿದ್ಯುತ್. ಇನ್ವರ್ಟರಿನಲ್ಲಿ ಸೋರುವುದನ್ನು ಕಳೆದರೆ ಎರಡು ತಾಸಿಗಿಂತ ಸ್ವಲ್ಪ ಹೆಚ್ಚು ಹೊತ್ತು ಏಸಿ ನಡೆದೀತು. ಛಾವಣಿಯ ಮೇಲೆ 400 ವ್ಯಾಟಿನ ಸೋಲಾರ್ ಫಲಕವಿದ್ದರೆ ಒಳ್ಳೆಯ ಬಿಸಿಲಿನ ದಿನ ಒಂದೂವರೆ ಯೂನಿಟ್‌ಗಿಂತ ತುಸು ಹೆಚ್ಚು ಸಿಗುತ್ತದೆ. ಇಷ್ಟು ಉರಿಬಿಸಿಲಿದ್ದರೆ ಇನ್ನೂ ಹೆಚ್ಚು ಬರಬೇಕಲ್ಲವೇ ಎಂದು ಹಲವರು ಕೇಳುತ್ತಾರೆ. ಫಲಕಕ್ಕೆ ಬೇಕಾದದ್ದು ಬೆಳಕೇ ಹೊರತು ಶಾಖವಲ್ಲ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಅದರ ಶಕ್ತಿ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ, ಕಾದ ಛಾವಣಿಯ ಮೇಲೆ ಫಲಕ 65 ಡಿಗ್ರಿಗೆ ಏರಿದಾಗ ಸುಮಾರು ಏಳನೆಯ ಒಂದು ಪಾಲು ಹೋದಂತೆಯೇ. ಫಲಕದ ಕೆಳಗೆ ಗಾಳಿಯಾಡುವಷ್ಟು ಸಂದು ಬಿಟ್ಟು ಕೂಡಿಸುವುದು ಇದಕ್ಕಾಗಿಯೇ.

ನನ್ನ ಅಭಿಪ್ರಾಯದಲ್ಲಿ ಈ ಸೀಮೆಗೆ ಏಸಿಗಿಂತ ಏರ್ ಕೂಲರ್ ಹೆಚ್ಚು ಹೊಂದುತ್ತದೆ. ಇಲ್ಲಿಯ ಬೇಸಿಗೆ ಒಣ ಬೇಸಿಗೆ, ಒಣ ಗಾಳಿಯಲ್ಲಿ ನೀರು ಬೇಗ ಆರಿ ತಂಪು ಕೊಡುತ್ತದೆ. 100ರಿಂದ 200 ವ್ಯಾಟಿನ ಕೂಲರಿನ ಜೊತೆ ಎದುರಿನ ಒಂದು ಕಿಟಕಿಯನ್ನು ಗೇಣು ತೆರೆದಿಟ್ಟರೆ ಸಾಕು. ಕಿಟಕಿ ಮುಚ್ಚಿದರೆ ಒಳಗೆ ತೇವ ತುಂಬಿ ಕೂಲರ್ ಕೆಲಸಕ್ಕೆ ಬಾರದಂತಾಗುತ್ತದೆ. ತಾಸಿಗೆ ಕೆಲವು ಲೀಟರ್ ನೀರು ಬೇಕಾಗುವುದೊಂದೇ ಇದರ ತೊಡಕು. ಮಳೆಗಾಲದಲ್ಲಿ ಇದರಿಂದ ಪ್ರಯೋಜನವಿಲ್ಲ.

ಇವೆರಡಕ್ಕಿಂತ ಮೊದಲು ಮಾಡಬೇಕಾದ ಕೆಲಸವೆಂದರೆ ಬಿಸಿಲು ಛಾವಣಿಗೆ ತಾಗದಂತೆ ನೋಡಿಕೊಳ್ಳುವುದು. ಕಲಬುರಗಿ 17 ಡಿಗ್ರಿ ಅಕ್ಷಾಂಶದ ಸ್ವಲ್ಪ ಮೇಲೆ ಇರುವುದರಿಂದ ಮೇ ಎರಡನೆಯ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಪಕ್ಕಕ್ಕೆ ಬಿಚ್ಚುವ ಪರದೆ ಆಗ ಛಾವಣಿಗೆ ಏನೂ ಮಾಡದು. ನರ್ಸರಿಗಳಿಗೆ ಕಟ್ಟುವ ಹಸಿರು ನೆಟ್ಟನ್ನು ಛಾವಣಿಯಿಂದ ಒಂದು ಗೇಣು ಮೇಲೆ ನಿಲ್ಲುವಂತೆ ಬಿಗಿದು ಕಟ್ಟಿರಿ, ಛಾವಣಿಗೆ ಅಂಟಿಕೊಂಡಿದ್ದರೆ ಅದರ ಅರ್ಧ ಗುಣವೂ ಸಿಗುವುದಿಲ್ಲ. ಮೂರು ಗಂಟೆಯ ನಂತರ ಪಡುವಣ ಬಿಸಿಲು ಅಡ್ಡ ಹೊಡೆಯುವಾಗ ಪಕ್ಕದ ಪರದೆ ಬೇಕು, ಆದ್ದರಿಂದ ದೊಡ್ಡ ಕಿಟಕಿಯಿರುವ ಬದಿಯನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿರಿ.

ನೀರು ಎಷ್ಟು ಒಯ್ಯಬೇಕು? ಎಲ್ಲಿ ತುಂಬಿಸಬೇಕು?

ಬೇಸಿಗೆಯಲ್ಲಿ ಕುಡಿಯಲಿಕ್ಕೇ ದಿನಕ್ಕೆ ತಲಾ ನಾಲ್ಕೈದು ಲೀಟರ್ ಇಟ್ಟುಕೊಳ್ಳಿರಿ. ಸ್ನಾನ, ಪಾತ್ರೆ ಎಲ್ಲ ಸೇರಿ ಬಿಗಿಯಾಗಿ ಬಳಸಿದರೂ ತಲಾ 20 ಲೀಟರ್ ಬೇಕು. ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರವೆಂಬುದನ್ನು ಮರೆಯದೆ, ಗಾಡಿ ಹೊರಬಹುದಾದ ತೂಕವನ್ನು ನೋಡಿಕೊಂಡು ತುಂಬಿಸಿರಿ.

ಈ ಜಿಲ್ಲೆಗಳ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯುವ ನೀರನ್ನು ಊರೂರುಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳಿಂದ ತೆಗೆದುಕೊಳ್ಳಿರಿ. ಅನೇಕ ಘಟಕಗಳು ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬಿಸುತ್ತವೆ, ಆದ್ದರಿಂದ ಐದು ರೂಪಾಯಿಯ ನಾಣ್ಯಗಳು ಡಬ್ಬಿಯಲ್ಲಿರಲಿ. ಟ್ಯಾಂಕಿಗೆ ಬೇಕಾದ ಬಳಕೆಯ ನೀರನ್ನು ಪಟ್ಟಣಗಳಲ್ಲಿ, ಬಂಕು ಅಥವಾ ಹೋಟೆಲಿನವರಿಗೆ ಹಣ ಕೊಟ್ಟು ತುಂಬಿಸಿರಿ. ಮೇ ತಿಂಗಳಲ್ಲಿ ತಾಂಡಾಗಳ ನಲ್ಲಿಯ ಮುಂದೆ ಹೆಣ್ಣುಮಕ್ಕಳು ಕೊಡಗಳ ಸಾಲು ಇಟ್ಟು ತಾಸುಗಟ್ಟಲೆ ಕಾಯುತ್ತಾರೆ. ಆ ನಲ್ಲಿಗೆ ಪೈಪು ಸಿಕ್ಕಿಸಿ ನೂರು ಲೀಟರ್ ಎಳೆದುಕೊಳ್ಳುವುದು, ಯಾರೂ ಬೇಡವೆನ್ನದಿದ್ದರೂ, ತಪ್ಪು.

ಅಡುಗೆ, ಗ್ಯಾಸ್ ಮತ್ತು ಫ್ರಿಜ್ ಬಗ್ಗೆ ಏನು ಎಚ್ಚರ ಬೇಕು?

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ಹರಡಿಕೊಳ್ಳುತ್ತದೆ, ಆದ್ದರಿಂದ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಲೇಬೇಕು. ಸಿಲಿಂಡರಿಗೆ ನೇರ ಬಿಸಿಲು ಬೀಳಬಾರದು, ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಇರಬೇಕು. ಮಧ್ಯಾಹ್ನ ಗಾಡಿಯೊಳಗೆ ಒಲೆ ಹಚ್ಚಿದರೆ ಸಂಜೆಯವರೆಗೂ ಆ ಕಾವು ಹೋಗುವುದಿಲ್ಲ. ನಮ್ಮ ಕಡೆಯ ಊಟವೇ ಇದಕ್ಕೆ ಹೇಳಿ ಮಾಡಿಸಿದಂತಿದೆ: ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಒಲೆಯೇ ಬೇಡ. ರೊಟ್ಟಿಯನ್ನು ಕಲಬುರಗಿ ಪೇಟೆಯಲ್ಲಿ ಎಣಿಕೆಯ ಮೇಲೆ ಮಾರುತ್ತಾರೆ.

ಫ್ರಿಜ್ ಬೇಕೆಂದರೆ ಕಂಪ್ರೆಸರ್ ಇರುವ 12 ವೋಲ್ಟಿನದನ್ನೇ ಹಾಕಿಸಿರಿ. ಗ್ಯಾಸಿನ ಶಾಖದಿಂದ ನಡೆಯುವ ಬಗೆಯದು 40 ಡಿಗ್ರಿಯಲ್ಲಿ ತಿಣುಕುತ್ತದೆ.

ಗುಡ್ಡ ಹತ್ತಿ ಇಳಿಯುವಾಗ ಎಂಜಿನ್, ಬ್ರೇಕ್, ಟೈರುಗಳನ್ನು ಹೇಗೆ ನೋಡಿಕೊಳ್ಳಬೇಕು?

ಏರುಗಳು ಚಿಕ್ಕವು, ಆದರೆ ಬಿಸಿ ಗಾಳಿಯಲ್ಲಿ ರೇಡಿಯೇಟರ್ ತಣಿಯುವುದು ನಿಧಾನ. ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಮೇಲೇರುತ್ತಿದ್ದರೆ ಗಾಡಿಯ ಏಸಿ ಆರಿಸಿರಿ. ನಿಲ್ಲಿಸಿದ ಮೇಲೆ ಅರ್ಧ ತಾಸಾದರೂ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿರಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿದು, ಎಂಜಿನ್ನೇ ವೇಗ ಹಿಡಿದಿಡುವಂತೆ ನೋಡಿಕೊಳ್ಳಿರಿ. ಟೈರಿನ ಗಾಳಿಯನ್ನು ಬೆಳಗಿನ ತಂಪಿನಲ್ಲಿ, ಓಡಿಸುವ ಮೊದಲೇ ಅಳೆಯಿಸಬೇಕು. ಮಧ್ಯಾಹ್ನ ಒತ್ತಡ ಏರಿದೆಯೆಂದು ಗಾಳಿ ಬಿಟ್ಟರೆ ಟೈರ್ ಹೆಚ್ಚು ಬಾಗಿ ಇನ್ನಷ್ಟು ಕಾಯುತ್ತದೆ. ಟೈರಿನ ಮೇಲಿನ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದರೆ 2019ರ 23ನೆಯ ವಾರ. ಕ್ಯಾರವಾನ್‌ಗಳು ಕಡಿಮೆ ಓಡುವುದರಿಂದ ಟೈರಿನ ಹಲ್ಲು ಸವೆಯುವ ಮೊದಲೇ ರಬ್ಬರಿಗೆ ವಯಸ್ಸಾಗಿರುತ್ತದೆ.

ಸುಗ್ಗಿಯ ಕಾಲದಲ್ಲಿ ಕೆಲವು ಹಳ್ಳಿಗಳ ರಸ್ತೆಯ ಮೇಲೆ ರಾಶಿಗಾಗಿ, ಅಂದರೆ ಕಾಳು ಬಿಡಿಸಲು, ಪೈರು ಹಾಸಿರುತ್ತಾರೆ. ಒಣ ಹುಲ್ಲು ಆಕ್ಸಲಿಗೆ ಸುತ್ತಿಕೊಂಡು ಸೈಲೆನ್ಸರಿಗೆ ತಾಗಿದರೆ ಬೆಂಕಿ ಹೊತ್ತುತ್ತದೆ, ದಾಟಿದ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿರಿ. ಬೀದರ್ ಜಿಲ್ಲೆಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುತ್ತವೆ. ಕತ್ತಲಾದ ಮೇಲೆ ಓಡಿಸದಿರಲು ಇದೊಂದೇ ಕಾರಣ ಸಾಕು.

ಚಿಂಚೋಳಿ ಅಭಯಾರಣ್ಯದೊಳಗೆ ತಂಗಬಹುದೇ?

ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತಂಗುವಂತಿಲ್ಲ. 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ, ಸುಮಾರು 134 ಚದರ ಕಿಲೋಮೀಟರಿನ ಈ ಕಾಡಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಇಲ್ಲಿಯ ಹುಲ್ಲು, ಎಲೆ ಎಲ್ಲ ಒಣಗಿ ಗರಿಗರಿಯಾಗಿರುತ್ತದೆ. ಒಲೆ, ಕ್ಯಾಂಪ್ ಫೈರ್, ಬೀಡಿ ಯಾವುದೂ ಬೇಡ, ಕಾದ ಸೈಲೆನ್ಸರ್ ಇರುವ ಗಾಡಿಯನ್ನು ಒಣ ಹುಲ್ಲಿನ ಮೇಲೆ ನಿಲ್ಲಿಸುವುದೂ ಬೇಡ. ಕಾಡಿನಲ್ಲಿ ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿರಿ.

ಓಡಿಸಲು ಬೇರೆ ಲೈಸೆನ್ಸ್ ಬೇಕೇ?

ಸರಕು ಸೇರಿ ಒಟ್ಟು ತೂಕ 7,500 ಕಿಲೋ ಮೀರದ ಸ್ವಂತ ಗಾಡಿಗೆ ಲಘು ಮೋಟಾರು ವಾಹನದ ಲೈಸೆನ್ಸ್ ಸಾಕು. ಬಾಡಿಗೆ ಗಾಡಿಯಾದರೆ ಗಡಿ ದಾಟುವ ಮುನ್ನ ಪರ್ಮಿಟ್ ನೋಡಿಕೊಳ್ಳಿರಿ, ಏಕೆಂದರೆ ಬೀದರಿನಿಂದ ಸ್ವಲ್ಪ ದೂರದಲ್ಲೇ ತೆಲಂಗಾಣ ಮತ್ತು ಮಹಾರಾಷ್ಟ್ರ ಎರಡೂ ಇವೆ.

ಹಾವು, ಚೇಳುಗಳ ಭಯ ಎಷ್ಟು?

ನಾಗರಹಾವು, ಕೊಳಕುಮಂಡಲ, ಚೇಳು ಎಲ್ಲವೂ ಇವೆ. ಸೆಕೆಯೆಂದು ನೆಲದ ಮೇಲೆ ಮಲಗಬೇಡಿರಿ, ಬೂಟು ಹಾಕಿಕೊಳ್ಳುವ ಮುನ್ನ ಕೊಡವಿರಿ. ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಚೇಳು ಹಸಿರಾಗಿ ಹೊಳೆಯುತ್ತದೆ, ರಾತ್ರಿ ಗಾಡಿಯ ಸುತ್ತ ಒಮ್ಮೆ ಬೆಳಕು ಹಾಯಿಸಿದರೆ ನಿಶ್ಚಿಂತೆ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದನ್ನೂ ಮಾಡದೆ, ಕಚ್ಚಿದ ಕೈಕಾಲು ಅಲುಗಾಡದಂತೆ ಇರಿಸಿ ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ.

ಬಿಸಿಲು ಹೊಡೆದಿದೆ ಎಂದು ತಿಳಿಯುವುದು ಹೇಗೆ?

ತಲೆನೋವು, ವಾಕರಿಕೆ, ಸ್ನಾಯು ಹಿಡಿತ ಇದ್ದು ಬೆವರು ಬರುತ್ತಿದ್ದರೆ ನೆರಳಿನಲ್ಲಿ ಮಲಗಿಸಿ ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕೊಡಿರಿ. ಮೈ ಕೆಂಡದಂತೆ ಸುಡುತ್ತಾ, ಮಾತು ತೊದಲಿ, ಎಲ್ಲಿದ್ದೇನೆಂಬ ಪರಿವೆ ತಪ್ಪಿದರೆ ಅದು ಜೀವಕ್ಕೆ ಅಪಾಯ. ಕೂಡಲೇ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸುತ್ತಿರಿ, ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿರಿ. ನಿಂತ ಗಾಡಿಯೊಳಗೆ ಮಗುವನ್ನಾಗಲಿ ಮುದಿಯರನ್ನಾಗಲಿ ಹತ್ತು ನಿಮಿಷಕ್ಕೂ ಒಬ್ಬರೇ ಬಿಟ್ಟು ಹೋಗಬಾರದು.

ಶೌಚದ ಟ್ಯಾಂಕನ್ನು ಎಲ್ಲಿ ಖಾಲಿ ಮಾಡಬೇಕು?

ಬಂಕು ಅಥವಾ ಲಾಡ್ಜಿನ ಶೌಚಾಲಯದಲ್ಲಿ, ಅವರನ್ನು ಕೇಳಿ, ಆಮೇಲೆ ಸ್ವಚ್ಛವಾಗಿ ತೊಳೆದು. ಹಳ್ಳ, ಕೆರೆ, ಕಾಲುವೆಗೆ ಎಂದಿಗೂ ಬೇಡ: ಅದೇ ನೀರನ್ನು ಮುಂದಿನ ಊರಿನ ದನಗಳು ಕುಡಿಯುತ್ತವೆ.

ನಾಲ್ಕು ದಿನಗಳಿಗೆ ಒಂದು ದಾರಿ ಹೇಳಬಹುದೇ?

ಚಳಿಗಾಲವಾದರೆ ಸುರಪುರದಿಂದ ಆರಂಭಿಸಿರಿ. 19ನೆಯ ಶತಮಾನದಲ್ಲಿ ಇಲ್ಲಿ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಗುಡ್ಡದ ಮೇಲಿದೆ. ಪಟ್ಟಣದ ಓಣಿಗಳು ಇಕ್ಕಟ್ಟಾದ್ದರಿಂದ ಗಾಡಿಯನ್ನು ಕೆಳಗೆ ಬಿಟ್ಟು ನಡೆದು ಹತ್ತುವುದೇ ಸರಿ. ಅಲ್ಲಿಂದ ಶಹಾಪುರ, ಯಾದಗಿರಿ ಕೋಟೆ. ಸಂಕ್ರಾಂತಿಯ ದಿನಗಳಲ್ಲಿ ಯಾದಗಿರಿ ತಾಲ್ಲೂಕಿನ ಮೈಲಾಪುರದ ಮಲ್ಲಯ್ಯನ ಜಾತ್ರೆ ಇರುವುದರಿಂದ ಆ ರಸ್ತೆಯಲ್ಲಿ ದೊಡ್ಡ ಗಾಡಿಗೆ ಎಡೆ ಸಿಗದು. ಎರಡನೆಯ ದಿನ ಸಂಜೆಯೊಳಗೆ ಚಿಂಚೋಳಿ ಸೇರಿ, ಮೂರನೆಯ ದಿನ ಬೆಳಿಗ್ಗೆ ಚಂದ್ರಂಪಳ್ಳಿ ನೋಡಿ, ನಾಲ್ಕನೆಯ ದಿನ ಬೀದರಿಗೆ. ಬೇಸಿಗೆಯಾದರೆ ಯಾದಗಿರಿಯನ್ನು ಬಿಟ್ಟು ನೇರ ಬೀದರಿಗೇ ಬನ್ನಿರಿ. ಮಧ್ಯಾಹ್ನ ಪಟ್ಟಣದ ಹೊರಗಿನ ಹುಣಸೆ ಮರದ ನೆರಳಿನಲ್ಲಿ ಕಳೆದು, ಹೊತ್ತು ಇಳಿದ ಮೇಲೆ ಪ್ರಸ್ಥಭೂಮಿಯ ಬಯಲಿಗೆ ಸರಿದು, ಛಾವಣಿಯ ಹಸಿರು ನೆಟ್ಟನ್ನು ಬಿಚ್ಚಿ, ಎರಡೂ ಬದಿಯ ಕಿಟಕಿ ತೆರೆದಿಡಿರಿ.